ಮಣ್ಣಿನ ವಾಸನೆಯ ತಂಡ

ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಜಿಯೋಸ್ಮಿನ್ ಎಂಬ ರಾಸಾಯನಿಕ ಮುಖ್ಯ ಕಾರಣ. ಅದನ್ನು ತಯಾರಿಸುವುದು ನೆಲದಲ್ಲಿರುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ.

ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು 2009ರಲ್ಲಿ ಅದೇ ವಾಸನೆಯನ್ನು ಪ್ರಯೋಗಾಲಯದ ಇ. ಕೋಲಿ ಬ್ಯಾಕ್ಟೀರಿಯಾದಿಂದ ಹೊರಡಿಸಲು ಹೊರಟರು. ಚಿತ್ರ, ವಿನ್ಯಾಸ ಕಲಿಯಲು ಬಂದವರ ಕೈಗೆ ಪಿಪೆಟ್! ಮಾರ್ಗದರ್ಶಕರಲ್ಲಿ ಕಲಾವಿದ ಯಶಸ್ ಶೆಟ್ಟಿ ಒಬ್ಬರು. ವಂಶವಾಹಿಗಳ ವಿದ್ಯೆಗೆ ನೆರವಾದದ್ದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪ್ರಯೋಗಾಲಯ. ಆ ವರ್ಷ ತಂಡ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಐಜೆಮ್ ಎಂಬ ಸಂಶ್ಲೇಷಿತ ಜೀವವಿಜ್ಞಾನದ ಸ್ಪರ್ಧೆಗೆ ಇಳಿಯಿತು. ಜೀವವಿಜ್ಞಾನವೇ ಕಸುಬಾದ ತಂಡಗಳ ನಡುವೆ ಕಲಾವಿದರು! ಧೈರ್ಯ ಮೆಚ್ಚಬೇಕಾದ್ದೇ.

ವಾಸನೆ ಬಂತೇ ಎಂಬ ಪರೀಕ್ಷೆಗೆ ಮೂಗೇ ಸಾಕಿತ್ತು. ಲಕ್ಷ ಕೋಟಿ ಭಾಗ ನೀರಿನಲ್ಲಿ ಕೆಲವೇ ಭಾಗ ಜಿಯೋಸ್ಮಿನ್ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ.