ಬ್ಯಾಗಿನಲ್ಲಿ ಶೂ ಇರಲಿ: ಅರಂತೋಡಿನಲ್ಲಿ ಓಡಿದ ಮೂರು ಬೆಳಗು

ಹಿಂದೆ ಕೋಳಿ ಕೂಗಿದ್ದು, ಆಗಾಗ ಬಸ್ಸಿನ ಹಾರ್ನ್ ಹೊಡೆದದ್ದು ಕೇಳಿದ್ರೆ ಸ್ವಲ್ಪ ಸಹಿಸಿಕೊಳ್ಳಿ. ಈ ವಾರ ನಾನು ರೆಕಾರ್ಡ್ ಮಾಡ್ತಿರುವುದು ಅರಂತೋಡಿನಲ್ಲಿ, ದೊಡ್ಡಮ್ಮನ ಮನೆಯ ಮಹಡಿಯಲ್ಲಿ. ಗೊತ್ತಿಲ್ಲದವರಿಗೆ ಹೇಳ್ತೇನೆ: ಸುಳ್ಯದಿಂದ ಮಡಿಕೇರಿ ಕಡೆ ಹೋಗುವಾಗ ಸಂಪಾಜೆಗಿಂತ ಮೊದಲು ಸಿಗುವ ಊರು. ಮದುವೆಗೆ ಬಂದದ್ದು, ಐದು ದಿನ ಉಳಿದಿದ್ದೇನೆ, ಮೂರು ದಿನ ಓಡಿದ್ದೇನೆ. ಇವತ್ತಿನ ವಿಷಯ ಅದೇ. ಪ್ರಯಾಣದಲ್ಲಿ ಇರುವಾಗ ಎಲ್ಲಿ ಓಡುದು, ಹೇಗೆ ಓಡುದು, ಮನಸ್ಸು ಬಾರದಿದ್ರೆ ಎಂತ ಮಾಡುದು?

ಇದು ಯಾಕೆ ಮುಖ್ಯ ಅಂತ ಮೊದಲು ಹೇಳಿಬಿಡ್ತೇನೆ. ನಮ್ಮ ಅಜ್ಜನಿಗೆ ಶುಗರ್ ಇತ್ತು, ಅಪ್ಪನಿಗೆ ಉಂಟು. ನಾನು ದಿನಕ್ಕೆ ಒಂಬತ್ತು ಗಂಟೆ ಕೂತು ಕೆಲಸ ಮಾಡುವವಳು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಅಥವಾ 75 ನಿಮಿಷ ಜೋರು ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಬೆಂಗಳೂರಿನಲ್ಲಿ ಇರುವಾಗ ಈ ಲೆಕ್ಕ ಸರಿಹೋಗ್ತದೆ. ಕಬ್ಬನ್ ಪಾರ್ಕ್ ಉಂಟು, ಜೊತೆಗೆ ಓಡುವವರು ಇದ್ದಾರೆ. ಆದರೆ ತಿಂಗಳಲ್ಲಿ ಹತ್ತು ದಿನ ಬೇರೆ ಬೇರೆ ಊರಿನಲ್ಲಿ ಇರುವವರಿಗೆ? ಒಂದು ವಾರ ಬಿಟ್ಟರೆ ದೇಹಕ್ಕೆ ಅಂಥ ನಷ್ಟ ಇಲ್ಲ. ಎರಡು ವಾರ ದಾಟಿದ್ರೆ ದಮ್ಮು ಕಡಿಮೆ ಆಗ್ಲಿಕ್ಕೆ ಶುರು. ಮೂರನೇ ವಾರ ಶೂ ಮಂಚದ ಅಡಿಗೆ ಹೋಗ್ತದೆ. ಎಷ್ಟೋ ಜನರ ಓಟ ನಿಂತದ್ದು ಹೀಗೆ.

ನಾನು ಬಿ.ಕಾಂ. ಓದಿದವಳು, ಹಾಗಾಗಿ ಬಿ.ಕಾಂ. ಭಾಷೆಯಲ್ಲೇ ಹೇಳ್ತೇನೆ. ಓಟದಲ್ಲಿ ಫಿಕ್ಸೆಡ್ ಕಾಸ್ಟ್ ಅಂದ್ರೆ ಎದ್ದು, ಲೇಸ್ ಕಟ್ಟಿ, ಗೇಟು ದಾಟುವುದು. ಅದೊಂದು ಆದ ಮೇಲೆ ಪ್ರತಿ ಕಿಲೋಮೀಟರ್ ಅಗ್ಗ. ಹೊಸ ಊರಿನಲ್ಲಿ ಈ ಫಿಕ್ಸೆಡ್ ಕಾಸ್ಟ್ ಏರ್ತದೆ, ಯಾಕಂದ್ರೆ ದಾರಿ ಗೊತ್ತಿಲ್ಲ, ನಾಯಿ ಎಲ್ಲಿ ಅಂತ ಗೊತ್ತಿಲ್ಲ, ಜನ ಎಂತ ಹೇಳ್ತಾರೋ ಗೊತ್ತಿಲ್ಲ. ಅದನ್ನು ಹಿಂದಿನ ದಿನ ಸಂಜೆಯೇ ಕಡಿಮೆ ಮಾಡಬೇಕು. ದಾರಿ ಕೇಳಿಟ್ಟುಕೊಳ್ಳಿ, ಬಟ್ಟೆ ತೆಗೆದಿಡಿ, "ಇಷ್ಟು ಕಿಲೋಮೀಟರ್" ಅಂತ ಟಾರ್ಗೆಟ್ ಇಡುವ ಬದಲು "ಇಂಥ ಜಾಗದವರೆಗೆ" ಅಂತ ಇಡಿ.

ಅರಂತೋಡಿನಲ್ಲಿ ಮ್ಯಾಪ್ ತೆಗೆದರೆ ಮೊದಲು ಕಾಣುವುದು ಹೆದ್ದಾರಿ. ಪಯಸ್ವಿನಿ ಹೊಳೆ ಹತ್ತಿರದಲ್ಲೇ ಹರಿಯುತ್ತದೆ, ನೋಡ್ಲಿಕ್ಕೆ ಚಂದ. ಆದರೆ ಓಡ್ಲಿಕ್ಕೆ ಅಲ್ಲ ಮಾರಾಯ್ರೆ. ಮೈಸೂರು ಬಸ್ಸು, ಲಾರಿ, ಪ್ರವಾಸಿಗಳ ಕಾರು ಎಲ್ಲ ಅದರಲ್ಲೇ, ತಿರುವುಗಳೂ ಜಾಸ್ತಿ. ಒಳಗಿನ ರಸ್ತೆ ಹಿಡಿಯಿರಿ. ಇಲ್ಲಿಂದ ತೊಡಿಕಾನಕ್ಕೆ ಹೋಗುವ ರಸ್ತೆ ಸುಮಾರು 7 ಕಿ.ಮೀ. ಅಡಿಕೆ ತೋಟ, ರಬ್ಬರ್, ಮಧ್ಯೆ ಮಧ್ಯೆ ಕಾಡು. ಕೊನೆಗೆ ಮಲ್ಲಿಕಾರ್ಜುನ ದೇವಸ್ಥಾನ, ಅದರ ಹತ್ತಿರ ಮತ್ಸ್ಯತೀರ್ಥ. ಅಲ್ಲಿ ಮೀನು ಹಿಡಿಯುವಂತಿಲ್ಲ. ಜನ ಆಹಾರ ಹಾಕಿದ್ರೆ ದೊಡ್ಡ ದೊಡ್ಡ ಮೀನುಗಳು ಗುಂಪಾಗಿ ಮೇಲೆ ಬರ್ತವೆ. ಮೂರನೇ ದಿನ ನಾನು ಮೀನು ನೋಡ್ಲಿಕ್ಕೆ ಅಂತಲೇ ಓಡಿದ್ದು. ಬರುವಾಗ ಅಣ್ಣನ ಬೈಕಿನಲ್ಲಿ ಬಂದೆ. ಒನ್ ವೇ ಓಟ. ಹೋಗುದು ಕಾಲಲ್ಲಿ, ಬರುದು ವಾಹನದಲ್ಲಿ. ಪ್ರಯಾಣದಲ್ಲಿ ಇದಕ್ಕಿಂತ ಒಳ್ಳೆ ಮೋಟಿವೇಶನ್ ನನಗೆ ಸಿಕ್ಕಿಲ್ಲ.

ಇನ್ನು ಸಮಯ. ಪೇಟೆಯಲ್ಲಿ ನಾವು ಐದೂವರೆಗೆ ಓಡುವವರು. ಇಲ್ಲಿ ದೊಡ್ಡಮ್ಮ ಒಂದೇ ಮಾತು ಹೇಳಿದ್ದು: "ಬೆಳಕು ಹರಿಯದೆ ಅಂಗಳ ಇಳಿಯಬೇಡ, ಆನೆ ಉಂಟು." ತಮಾಷೆಯ ಮಾತಲ್ಲ ಅದು. ಸುಳ್ಯ ತಾಲೂಕಿನ ಕಾಡಂಚಿನ ತೋಟಗಳಿಗೆ ಆನೆ ಬಂದು ಬಾಳೆ, ತೆಂಗು, ಅಡಿಕೆ ಮುರಿದು ಹಾಕುವುದು ಇಲ್ಲಿನವರ ನಿತ್ಯದ ಸಂಕಟ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಸುಮಾರು 6.50ಕ್ಕೆ. ಹಾಗಾಗಿ ಏಳು ಗಂಟೆ ಆದ ಮೇಲೇ ಹೊರಟೆ. ಕೇಳಬೇಕಾದದ್ದು ಯಾರನ್ನು ಗೊತ್ತುಂಟಾ? ನಮಗಿಂತ ಮೊದಲು ಎದ್ದವರನ್ನು. ತಲೆಗೆ ಲೈಟು ಕಟ್ಟಿ ರಬ್ಬರ್ ಟ್ಯಾಪಿಂಗ್ ಮಾಡುವವರು, ಹಾಲಿನ ಸೊಸೈಟಿಗೆ ಹೋಗುವವರು. ರಾತ್ರಿ ಯಾವ ತೋಟಕ್ಕೆ ಆನೆ ಬಂದಿತ್ತು ಅಂತ ಅವರಿಗೆ ಗೊತ್ತಿರ್ತದೆ. ಯಾವ ಆ್ಯಪ್‌ನಲ್ಲೂ ಅದು ಸಿಗುದಿಲ್ಲ.

ಕಿವಿಗೆ ಇಯರ್‌ಫೋನ್ ಬೇಡ. ನನ್ನ ಪಾಡ್‌ಕಾಸ್ಟ್ ಕೂಡ ಬೇಡ, ಮನೆಗೆ ಬಂದು ಕೇಳಿ. ವಾಹನ ಎದುರಿಗೆ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ಓಡಿ. ಮಳೆಗಾಲದಲ್ಲಿ ಬಂದ್ರೆ ಕಾಂಕ್ರೀಟ್ ರಸ್ತೆಯ ಪಾಚಿ ಜಾರ್ತದೆ, ಜಿಗಣೆಯೂ ಹತ್ತುತ್ತದೆ.

ಜನರ ವಿಷಯಕ್ಕೆ ಬರ್ತೇನೆ. ಹುಡುಗಿಯರು ಮೆಸೇಜ್ ಮಾಡಿ ಹೆಚ್ಚು ಕೇಳುವುದು ಇದನ್ನೇ. ಮೊದಲ ದಿನ ಒಬ್ಬರು ಅಜ್ಜ ನಿಲ್ಲಿಸಿ ಕೇಳಿದ್ರು: "ಬಸ್ಸು ತಪ್ಪಿತಾ ಮಗಾ?" ಇಲ್ಲ ಅಜ್ಜ, ಸುಮ್ಮನೆ ಓಡುದು ಅಂದೆ. "ಯಾರ ಮನೆಯವಳು?" ದೊಡ್ಡಮ್ಮನ ಹೆಸರು ಹೇಳಿದೆ. ಎರಡನೇ ದಿನ ಅದೇ ದಾರಿ, ಅದೇ ಹೊತ್ತು. ಅವರು ಕೈ ಎತ್ತಿದ್ರು, ಅಷ್ಟೇ. ಈ "ಯಾರ ಮನೆಯವಳು" ಅನ್ನುವ ಪ್ರಶ್ನೆ ಕೆಲವರಿಗೆ ಕಿರಿಕಿರಿ. ನನಗೂ ಪೂರ್ತಿ ಇಷ್ಟ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಆದರೆ ಗುರುತು ಸಿಕ್ಕಿದ ಮೇಲೆ ಅದೇ ಕಣ್ಣುಗಳು ಕಾವಲಿಗೂ ಆಗ್ತವೆ. ನೆಂಟರು ಇಲ್ಲದ ಊರಾದ್ರೆ ಕಾಲೇಜು ಮೈದಾನ ಅಥವಾ ಜನ ಓಡಾಡುವ ಒಂದು ಸಣ್ಣ ಬೀದಿ ಹುಡುಕಿ. ಒಂದೇ ಕಿಲೋಮೀಟರನ್ನು ಐದು ಸಲ ಸುತ್ತಿದ್ರೂ ಐದು ಕಿಲೋಮೀಟರೇ. ಸರಿ ಅನ್ನಿಸದಿದ್ರೆ ಓಡಲೇಬೇಡಿ, ಲಾಡ್ಜಿನ ಮೆಟ್ಟಿಲು ಹತ್ತಿ ಇಳಿಯಿರಿ. ಅದೂ ಲೆಕ್ಕಕ್ಕೆ ಉಂಟು.

ದೊಡ್ಡಮ್ಮನಿಗೆ ಈಗಲೂ ಇದೆಲ್ಲ ಅರ್ಥ ಆಗಿಲ್ಲ. "ಬೆವರು ಬರಬೇಕಾದ್ರೆ ತೋಟದಲ್ಲಿ ಹಾಳೆ ಹೆಕ್ಕು, ಅಡಿಕೆ ಹೆಕ್ಕು" ಅಂತಾರೆ. ಅವರ ಮಾತು ಸರಿ. ದಿನವಿಡೀ ಗುಡ್ಡ ಹತ್ತಿ ಇಳಿಯುವವರಿಗೆ ಓಟದ ಅಗತ್ಯ ಇಲ್ಲ. ಇದೇ ಅಮರಸುಳ್ಯ ಸೀಮೆಯ ರೈತರು 1837ರಲ್ಲಿ ಬ್ರಿಟಿಷರ ವಿರುದ್ಧ ಹೊರಟು ಮಂಗಳೂರು ತಲುಪಿ, 13 ದಿನ ಅದನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದರು. ಈಗ ಬಸ್ಸಿನಲ್ಲಿ ಹೋಗ್ಲಿಕ್ಕೇ ನಮಗೆ ಸುಸ್ತು ಆಗುವ ದೂರ.

ಕಾರಿನಲ್ಲಿ ಈ ಊರಿಗೆ ಎಷ್ಟೋ ಸಲ ಬಂದಿದ್ದೇನೆ. ಓಡುವಾಗ ಕಂಡದ್ದು ಬೇರೆ. ಹಳದಿ ಎಲೆ ರೋಗ ಬಂದು ತಲೆ ಸಣ್ಣದಾದ ಅಡಿಕೆ ಮರಗಳು, ಕೆಲವು ಕಡೆ ಅಡಿಕೆ ಇದ್ದ ಜಾಗದಲ್ಲಿ ಬೇರೆ ಗಿಡ. ಈ ರೋಗಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ. ಸಂಪಾಜೆ, ಅರಂತೋಡು ಕಡೆಯ ಎಷ್ಟೋ ಮನೆಗಳ ಆದಾಯ ಕುಸಿದದ್ದು ಇದರಿಂದಲೇ. ಮದುವೆ ಮನೆಯಲ್ಲಿ ಅಣ್ಣ ಸಾಲದ ವಿಷಯ ಮಾತಾಡುವಾಗ ಅದು ನನಗೆ ಅರ್ಥ ಆಯ್ತು, ಯಾಕಂದ್ರೆ ಬೆಳಿಗ್ಗೆ ಆ ತೋಟಗಳನ್ನು ನಿಧಾನವಾಗಿ ದಾಟಿ ಬಂದಿದ್ದೆ.

ಹಾಗಾಗಿ ಮುಂದಿನ ಸಲ ಊರಿಗೋ, ಆಫೀಸ್ ಕೆಲಸಕ್ಕೋ ಹೊರಟಾಗ ಶೂ ಮೊದಲು ಪ್ಯಾಕ್ ಮಾಡಿ. ಎರಡು ಕಿಲೋಮೀಟರ್ ಆದ್ರೂ ಸಾಕು. ಮುಗಿದ ಮೇಲೆ ಒಂದು ಬೊಂಡ ಕುಡಿಯಿರಿ, ಅದು ಊರಿನ ಲಾಭ. ನಿಮ್ಮ ಊರಿನಲ್ಲಿ ಓಡ್ಲಿಕ್ಕೆ ಒಳ್ಳೆ ದಾರಿ ಯಾವುದು, ಎಷ್ಟು ಗಂಟೆಗೆ ಹೋಗಬೇಕು, ಯಾವ ಮನೆಯ ನಾಯಿ ಜೋರು, ಎಲ್ಲ ವಾಯ್ಸ್ ನೋಟ್ ಮಾಡಿ ಕಳಿಸಿ. ಒಳ್ಳೆಯದನ್ನು ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೇನೆ. ಬರ್ತೇನೆ, ಆಯ್ತಾ?