ಮಗು ಕೂರುವ ಜಾಗ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ಬೆಲೆ, ನಾಲೆಯ ನೀರು, ಸಾಲದ ಬಡ್ಡಿ ಇವುಗಳ ಮೇಲೆ ನಾವು ಎಷ್ಟೋ ಸಭೆ ಮಾಡಿದ್ದೇವೆ. ಇಂದು ಅಂಗನವಾಡಿಯಲ್ಲಿ ಮಗು ಎಲ್ಲಿ ಕೂರುತ್ತದೆ, ಹೇಗೆ ಕೂರುತ್ತದೆ ಎಂಬ ವಿಷಯ ಎತ್ತಿಕೊಂಡಿದ್ದೇವೆ. ಇದೂ ಒಂದು ರಾಜಕೀಯವೇ ಎಂದು ಕೆಲವರಿಗೆ ನಗು ಬರಬಹುದು. ಬರಲಿ. ಉಳ್ಳವರ ಮಗು ವ್ಯಾನು ಹತ್ತಿ ಕಾನ್ವೆಂಟಿಗೆ ಹೋಗಿ ಪುಟ್ಟ ಕುರ್ಚಿಯಲ್ಲಿ ಕೂರುತ್ತದೆ. ನಾಟಿಗೋ ಆಲೆಮನೆಗೋ ಹೋದ ತಾಯಿಯ ಮಗು ತಣ್ಣನೆಯ ಸಿಮೆಂಟಿನ ಮೇಲೆ, ಹರಿದ ಚಾಪೆಯಲ್ಲಿ ಕೂರುತ್ತದೆ. ಮೂರನೆಯ ವರ್ಷಕ್ಕೇ ಶುರುವಾಗುವ ಈ ಅಂತರ ರಾಜಕೀಯವಲ್ಲದಿದ್ದರೆ ಇನ್ನಾವುದು ರಾಜಕೀಯ?

ಈ ವಿಚಾರ ಹೊಸದಲ್ಲ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮರಿಯಾ ಮಾಂಟೆಸ್ಸರಿಯವರು ದುಡಿಯುವವರ ಮಕ್ಕಳಿಗಾಗಿ ಶಿಶುಗೃಹ ತೆರೆದರು. ಮಕ್ಕಳನ್ನು ಅಲ್ಲಾಡಗೊಡದ ಶಾಲಾ ಬೆಂಚನ್ನು ಅವರು ಒಪ್ಪಲಿಲ್ಲ. ಮಗುವೇ ಎತ್ತಿಡಬಲ್ಲ ಹಗುರವಾದ ಮೇಜು ಕುರ್ಚಿ ಬೇಕೆಂದರು. ನಮ್ಮ ದೇಶದಲ್ಲಿ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ಬಡಮಕ್ಕಳ ಬಾಲವಾಡಿ ಆರಂಭಿಸಿದರು. ಶಾಲೆಗೆ ಬಾರದ ಮಕ್ಕಳ ಕೇರಿಗೆ ಶಾಲೆಯೇ ಹೋಗಿ ಅಂಗಳದಲ್ಲಿ ಕೂತಿತು. 1975ರ ಅಕ್ಟೋಬರ್ 2ರಂದು ಸರ್ಕಾರ ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಶುರುಮಾಡಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ನಮ್ಮ ನೆರೆಯ ತಿ. ನರಸೀಪುರಕ್ಕೆ.

ಕೇಂದ್ರ ಸರ್ಕಾರದ 2013ರ ಶಿಶು ಶಿಕ್ಷಣ ನೀತಿಯು 30 ಮಕ್ಕಳಿಗೆ 35 ಚದರ ಮೀಟರಿನ ಕೋಣೆ, ಹೊರಗೆ 30 ಚದರ ಮೀಟರಿನ ಆಟದ ಜಾಗ ಇರಬೇಕೆನ್ನುತ್ತದೆ. ಇದು ಕಾಗದದ ಮಾತು. ನಿಮ್ಮ ಊರಿನ ಅಂಗನವಾಡಿಯನ್ನು ಟೇಪು ಹಿಡಿದು ಅಳೆದವರು ಈ ಸಭೆಯಲ್ಲಿ ಎಷ್ಟು ಮಂದಿ?

ಹಾಗಾದರೆ ಎಲ್ಲ ಕಡೆ ಕುರ್ಚಿ ತುಂಬಿಸಬೇಕೇ? ಅಲ್ಲ. ನೆಲದ ಮೇಲೆ ಕೂರುವುದು ನಮಗೆ ಅವಮಾನವಲ್ಲ. ನಮ್ಮ ಊಟ, ಮದುವೆ, ಹರಿಕಥೆ ಎಲ್ಲವೂ ನೆಲದ ಮೇಲೆಯೇ ನಡೆದಿವೆ. ಆದರೆ ನೆಲ ಒಣಗಿರಬೇಕು, ಥಂಡಿ ಹತ್ತದಂತೆ ದಪ್ಪ ಜಮಖಾನೆ ಇರಬೇಕು. ದೊಡ್ಡವರ ಕುರ್ಚಿ 18 ಅಂಗುಲದಷ್ಟು ಎತ್ತರ; ಮೂರು ವರ್ಷದ ಮಗುವಿಗೆ ಹಿಮ್ಮಡಿಯಿಂದ ಮಂಡಿಯ ಹಿಂಭಾಗದವರೆಗೆ ಇರುವುದು 9 ಅಂಗುಲದ ಆಸುಪಾಸು. ಅಂಥ ಮಗುವನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿದರೆ ಕಾಲು ತೂಗಾಡುತ್ತದೆ, ತೊಡೆ ಒತ್ತಿ ಜೋಮು ಹಿಡಿಯುತ್ತದೆ, ಬೆನ್ನಿಗೆ ಆಸರೆ ಸಿಗುವುದಿಲ್ಲ. ಅದು ಹೊರಳಾಡಿದರೆ "ತುಂಟ" ಎಂದು ಗದರುತ್ತೇವೆ. ತುಂಟತನ ಮಗುವಿನದಲ್ಲ, ಕುರ್ಚಿಯದು. ಎಷ್ಟೇ ಒಳ್ಳೆಯ ಆಸನವಿದ್ದರೂ ಎಳೆಯ ದೇಹ ಬಹಳ ಹೊತ್ತು ಒಂದೇ ಭಂಗಿಯಲ್ಲಿ ಇರಲಾರದು. ಏಳಲು, ಓಡಲು, ಊಟವಾದ ಮೇಲೆ ಒರಗಲು ಜಾಗ ಬೇಕು.

ಆದ್ದರಿಂದ ನಮ್ಮ ಬೇಡಿಕೆ ಸರಳ. ಊರಿನ ಬಡಗಿಯೇ ಮಾಡಬಲ್ಲ ತಗ್ಗಿನ ಮಣೆ, ಮೇಜು. ಮಗುವಿನ ಕಣ್ಣಿನ ಮಟ್ಟಕ್ಕೆ ಕಪ್ಪು ಹಲಗೆ, ಕೈಗೆಟಕುವ ನಲ್ಲಿ. ಹೆದರಿಕೆಯಿಲ್ಲದೆ ಕೂರಬಹುದಾದ ಸಣ್ಣ ಪಾಯಿಖಾನೆ. ಬಿಸಿಲಿಗೆ ಕಾಯುವ ಶೀಟಿನ ಮಾಡಿನ ಕೆಳಗೆ ಒಂದು ತಡೆ, ಗಾಳಿ ಬೆಳಕಿಗೆ ಕಿಟಕಿ.

ಇನ್ನೊಂದು ಮಾತು. ಅಂಗನವಾಡಿಯ ಅಕ್ಕಂದಿರ ಬೆನ್ನನ್ನೂ ಮರೆಯಬೇಡಿ. ದಿನವಿಡೀ ಬಗ್ಗಿ ಎತ್ತಿ, ಉಣಿಸಿ, ತೊಳೆಯುವವರು ಅವರು. ಅವರಿಗೆ ಗ್ರಾಚ್ಯುಟಿಯ ಹಕ್ಕುಂಟೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಯೋಜನೆ ಆರಂಭವಾಗಿ ಅಷ್ಟರಲ್ಲಿ 47 ವರ್ಷ ತುಂಬುತ್ತಾ ಬಂದಿತ್ತು! ಮಗುವಿನ ಸುಖ ಬೇರೆ, ಅವರ ಸುಖ ಬೇರೆ ಎಂದು ಯಾರೂ ತಿಳಿಯಬಾರದು. ಸೊಂಟ ನೋವಿನಿಂದ ನರಳುವ ಕೈ ಮಗುವನ್ನು ಎಷ್ಟು ಹೊತ್ತು ಎತ್ತೀತು?

ಬಂಧುಗಳೇ, ದುಡ್ಡಿಲ್ಲ ಎಂಬ ಉತ್ತರ ಬಂದೇ ಬರುತ್ತದೆ. ಮಹಿಳೆಯರ ಮತ್ತು ಮಕ್ಕಳ ಅಭಿವೃದ್ಧಿ ಪಂಚಾಯಿತಿಗೆ ವಹಿಸಬಹುದಾದ ವಿಷಯಗಳಲ್ಲಿ ಒಂದೆಂದು ಸಂವಿಧಾನದ ಹನ್ನೊಂದನೆಯ ಅನುಸೂಚಿಯೇ ಹೇಳುತ್ತದೆ. ಆದ್ದರಿಂದ ನಾವು ಕೇಳುವುದು ಭಿಕ್ಷೆಯಲ್ಲ. ಮುಂದಿನ ಗ್ರಾಮಸಭೆಗೆ ಮೊದಲು ಪ್ರತಿ ಊರಿನ ಕಾರ್ಯಕರ್ತರು ಬಾಲವಿಕಾಸ ಸಮಿತಿಯ ತಾಯಂದಿರೊಂದಿಗೆ ಹೋಗಿ ಕೋಣೆ ಅಳೆಯಿರಿ, ಮಕ್ಕಳ ಮಂಡಿಯ ಎತ್ತರ ಅಳೆಯಿರಿ, ಒದ್ದೆ ಗೋಡೆ, ಒಡೆದ ನೆಲ ಬರೆದಿಡಿ. ಆ ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಸುವವರೆಗೆ ಏಳಬೇಡಿ. ಮಾತು ಬಾರದ ಮಕ್ಕಳ ಪರವಾಗಿ ಮಾತಾಡುವುದು ಸಮಾಜವಾದದ ಮೊದಲ ಪಾಠ.