ಪೇಟೆ ಧಾರಣೆಯ ಇಂಗ್ಲಿಷ್



ವಾಣಿಜ್ಯದ ಇಂಗ್ಲಿಷ್ ಎಂದೊಡನೆ ನಿಮ್ಮಲ್ಲಿ ಅನೇಕರಿಗೆ ದಪ್ಪ ನಿಘಂಟಿನ ನೆನಪಾಗುತ್ತದೆ. ಆದರೆ ಅಲ್ಲಿ ತೊಡಕು ಕೊಡುವುದು ದೊಡ್ಡ ಪದಗಳಲ್ಲ, ನೀವು ಪ್ರಾಥಮಿಕ ಶಾಲೆಯಲ್ಲೇ ಕಲಿತ ಸಣ್ಣ ಪದಗಳು. ಅವುಗಳ ಪರಿಚಯಕ್ಕೆ ವಿದೇಶೀ ಪತ್ರಿಕೆಗಳ ಮಾರುಕಟ್ಟೆ ವರದಿ ಒಳ್ಳೆಯ ಪಠ್ಯ. ಲಂಡನ್ನಿನ 'ಫೈನಾನ್ಷಿಯಲ್ ಟೈಮ್ಸ್' 1888ರಲ್ಲಿ ಆರಂಭವಾಯಿತು. 1893ರಿಂದ ನಸುಗೆಂಪು ಕಾಗದದಲ್ಲಿ ಅಚ್ಚಾಗುತ್ತಿದೆ. ನ್ಯೂಯಾರ್ಕಿನ 'ವಾಲ್ ಸ್ಟ್ರೀಟ್ ಜರ್ನಲ್' 1889ರದು. ಇಡೀ ಪತ್ರಿಕೆ ಓದಲು ಹೊರಟರೆ ಎರಡನೇ ದಿನವೇ ಬೇಸರ ಬಂದೀತು. ಒಂದೇ ಸರಕನ್ನು ಆರಿಸಿಕೊಳ್ಳಿ.

ಕಾಫಿಯನ್ನೇ ತೆಗೆದುಕೊಳ್ಳೋಣ. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಭಾಗ ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರಿನ ಧಾರಣೆಯ ಮೇಲೆ ಈ ಎರಡು ನಗರಗಳ ಪೇಟೆಯ ಪ್ರಭಾವ ಬಹಳ.

ಮೊದಲು ಅಳತೆ. ರೊಬಸ್ಟಾ ಬೆಲೆಯನ್ನು ಲಂಡನ್ ಪೇಟೆ ಟನ್ನಿಗೆ ಇಷ್ಟು ಡಾಲರ್ ಎಂದು ಹೇಳುತ್ತದೆ. ಅರೇಬಿಕಾಕ್ಕೆ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್. ಈ ಪೌಂಡು ತೂಕ, ಬ್ರಿಟನ್ನಿನ ನಾಣ್ಯವಲ್ಲ! ಟನ್ನಿಗೆ ಸುಮಾರು 2,204 ಪೌಂಡು. ಆದ್ದರಿಂದ ಪೌಂಡಿಗೆ 200 ಸೆಂಟ್ ಎಂದರೆ ಟನ್ನಿಗೆ ಸುಮಾರು 4,400 ಡಾಲರ್. ವರದಿಯ 'ಬ್ಯಾಗ್' 60 ಕಿಲೋ ತೂಗುತ್ತದೆ, ನಮ್ಮ ಬೆಳೆಗಾರರು ಬೆಲೆ ಹೇಳುವ ಚೀಲ 50 ಕಿಲೋ.

ಇನ್ನು ಕ್ರಿಯಾಪದಗಳು. ಕನ್ನಡ ಪತ್ರಿಕೆಯ ಪೇಟೆ ಧಾರಣೆ ಓದಿದವರಿಗೆ 'ಧಾರಣೆ ಬಿಗಿ', 'ಪೇಟೆ ಮಂದ' ಎಂಬ ಮಾತು ಹೊಸದಲ್ಲ. ಇಂಗ್ಲಿಷಿನಲ್ಲೂ ಹಾಗೆಯೇ. 'ಫರ್ಮ್ಡ್' ಎಂದರೆ ಬೆಲೆ ಬಿಗಿಯಾಯಿತು, ತುಸು ಏರಿತು. 'ಈಸ್ಡ್' ಎಂದರೆ ತುಸು ಇಳಿಯಿತು. ಅದನ್ನು 'ಸುಲಭವಾಯಿತು' ಎಂದು ಓದಿದರೆ ಕೆಟ್ಟಿತು. 'ಸೋರ್ಡ್' ಗಗನಕ್ಕೇರಿದ್ದು, 'ಪ್ಲಂಜ್ಡ್' ಒಮ್ಮೆಲೇ ಕುಸಿದದ್ದು.

ಎಲ್ಲಕ್ಕಿಂತ ಎಚ್ಚರಿಕೆ ಬೇಕಾದದ್ದು 'ಟು' ಮತ್ತು 'ಬೈ'ಗಳಲ್ಲಿ. ಇಲ್ಲಿ ನಮ್ಮ ವ್ಯಾಕರಣವೇ ನೆರವಿಗೆ ಬರುತ್ತದೆ. 'ಟು' ನಮ್ಮ ಚತುರ್ಥೀ ವಿಭಕ್ತಿ: 300ಕ್ಕೆ ಏರಿತು. 'ಬೈ' ಎಂದರೆ ಅಷ್ಟರ ಮಟ್ಟಿಗೆ: 30ರಷ್ಟು ಏರಿತು. ಪತ್ರಿಕೆಯವರು ಜಾಗ ಉಳಿಸಲು 'ಬೈ'ಯನ್ನು ಬಿಟ್ಟೂ ಬಿಡುತ್ತಾರೆ. 'ಫೆಲ್ 40 ಡಾಲರ್ಸ್ ಟು 3,960' ಎಂದಿದ್ದರೆ, 40 ಡಾಲರ್ ಇಳಿದು 3,960ಕ್ಕೆ ಬಂತು ಎಂದರ್ಥ. ನಾಳೆ ನೀವು ರಫ್ತು ಕಚೇರಿಯಲ್ಲಿ ಕುಳಿತು ಇದನ್ನು ನೋಡಿಯೇ ದರ ಹೇಳಬೇಕಾದೀತು. ಲಂಡನ್ನಿನ ಒಂದು 'ಲಾಟ್' 10 ಟನ್; ಟನ್ನಿಗೆ 40 ಡಾಲರ್ ತಪ್ಪಿದರೆ ಒಂದೇ ಲಾಟಿನಲ್ಲಿ 400 ಡಾಲರ್ ಹೋಯಿತು.

ಬೆಲೆ ಏಕೆ ಏರಿತೆಂಬುದನ್ನೂ ಓದಿ. 1975ರ ಜುಲೈನಲ್ಲಿ ಬ್ರೆಜಿಲ್ಲಿನ ಪರಾನಾ ರಾಜ್ಯದಲ್ಲಿ ಕಡುಹಿಮ ಬಿದ್ದು ಕಾಫಿ ಗಿಡಗಳು ಸುಟ್ಟಂತಾದವು. ಮುಂದಿನ ಎರಡು ವರ್ಷ ಜಗತ್ತಿನ ಬೆಲೆ ಏರುತ್ತಲೇ ಹೋಯಿತು. ನಮ್ಮಲ್ಲಿ ಮಳೆಗಾಲವಾದ ಜುಲೈ ಅಲ್ಲಿ ಚಳಿಗಾಲವೆಂದು ತಿಳಿಯದಿದ್ದರೆ, 'ಫ್ರಾಸ್ಟ್' ಪದಕ್ಕೆ ನಿಘಂಟು ಅರ್ಥ ಹೇಳಿದರೂ ವಾಕ್ಯ ಒಗಟಾಗಿಯೇ ಉಳಿಯುತ್ತದೆ.

ಪತ್ರಿಕೆ ಯಾವ ದೇಶದ್ದೆಂದು ನೋಡುವುದೂ ಅಗತ್ಯ. ಬ್ರಿಟಿಷ್ ಅಂಗಡಿಯವನ 'ಸ್ಟಾಕ್' ದಾಸ್ತಾನು, ಅಮೆರಿಕದ ಪತ್ರಿಕೆಯ 'ಸ್ಟಾಕ್' ಬಹುಮಟ್ಟಿಗೆ ಷೇರು. 'ಬಿಲಿಯನ್' ಇಂದು ಎರಡೂ ಕಡೆ ನೂರು ಕೋಟಿ. ಆದರೆ ಬ್ರಿಟನ್ ಸರ್ಕಾರ ಈ ಲೆಕ್ಕವನ್ನು ಒಪ್ಪಿಕೊಂಡದ್ದು 1974ರಲ್ಲಿ. ಅದಕ್ಕೆ ಹಿಂದಿನ ಬ್ರಿಟಿಷ್ ಪುಸ್ತಕಗಳಲ್ಲಿ ಅದು ಲಕ್ಷ ಕೋಟಿಯೂ ಆಗಿರಬಹುದು.

ದಿನಕ್ಕೊಂದು ವರದಿ ಸಾಕು. ಓದಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಮರುದಿನ ಮೂಲ ನೋಡದೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಹೋಲಿಸಿ. ಹಾಗೆಂದು ವ್ಯಾಪಾರದ ಪತ್ರ ಬರೆಯುವಾಗ 'ಸೋರ್ಡ್', 'ಪ್ಲಂಜ್ಡ್'ಗಳನ್ನು ತುಂಬಬೇಡಿ. ಅವು ಪತ್ರಿಕೆಯ ತಲೆಬರಹಕ್ಕೆ ಮಾಡಿದ ಪದಗಳು. ಗಿರಾಕಿಗೆ ಬರೆಯುವಾಗ ಬೆಲೆ ಎಷ್ಟಿತ್ತು, ಎಷ್ಟಾಗಿದೆ, ಯಾವ ದಿನದಿಂದ ಎಂಬಷ್ಟನ್ನೇ ಸರಳವಾಗಿ ತಿಳಿಸಿ.